ಹರಿಶ್ಚಂದ್ರನ ಸಾಲ ತೀರಿಸಿದವರು

ಕಾಶಿಯಲ್ಲಿ ಕರ್ನಾಟಕದ ಹೆಸರಿನ ಘಾಟ್ ಒಂದಿದೆ. ಹಿಂದೆ ಅದನ್ನು ಮೈಸೂರು ಘಾಟ್ ಅನ್ನುತ್ತಿದ್ದರು. ಹನುಮಾನ್ ಘಾಟ್ ದಾಟಿ ಅಲ್ಲಿಗೆ ಬಂದು ಗಂಗೆಗೆ ಮುಖ ಮಾಡಿ ನಿಂತರೆ ಎಡಕ್ಕೆ ಸಿಗುವುದೇ ಹರಿಶ್ಚಂದ್ರ ಘಾಟ್. ನಮ್ಮ ರಾಜ್ಯದ ಹೆಸರು ಹೊತ್ತ ಮೆಟ್ಟಿಲಿಗೂ ಸುಡುಗಾಡಿಗೂ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ಗಾಳಿ ತಿರುಗಿದರೆ ಚಿತೆಯ ಹೊಗೆ ನೇರ ಈಚೆಗೇ. ಕರ್ನಾಟಕದಿಂದ ಬಂದ ಯಾತ್ರಿಕರ ಗುಂಪು ಇಲ್ಲಿ ನಿಂತಾಗ ಯಾರಾದರೊಬ್ಬರ ಬಾಯಲ್ಲಿ ರಾಜ್‌ಕುಮಾರ್ ಹೆಸರು ಬಂದೇ ಬರುತ್ತದೆ. 1965ರ ‘ಸತ್ಯ ಹರಿಶ್ಚಂದ್ರ’ ನೋಡಿ ಬೆಳೆದವರಿಗೆ ಸುಡುಗಾಡು ಕಾಯುವ ಅರಸ ಅಂದರೆ ಅವರೇ.

ಕನ್ನಡದ ಆಡುಮಾತಿನಲ್ಲಿ ಹರಿಶ್ಚಂದ್ರ ಹೊಗಳಿಕೆಗಿಂತ ಹೆಚ್ಚು ಕುಟುಕುವುದಕ್ಕೇ ಬಳಕೆಯಾಗುತ್ತಾನೆ. “ನೀನೇನು ಸತ್ಯಹರಿಶ್ಚಂದ್ರನಾ?” ಎಂದು ಕೇಳಿಸಿಕೊಂಡವನು ಖುಷಿಪಟ್ಟಿದ್ದನ್ನು ನಾನಂತೂ ನೋಡಿಲ್ಲ. ಸಾಲ ವಸೂಲಿಗೆ ಬೆನ್ನು ಬಿದ್ದು ಪ್ರಾಣ ಹಿಂಡುವವನು ನಕ್ಷತ್ರಿಕ. ಹೀಗೆ ಆ ಕಥೆಯ ಸಾಲಗಾರನೂ ವಸೂಲಿಗಾರನೂ ನಮ್ಮ ಮಾತಿನೊಳಗೆ ಮನೆ ಮಾಡಿಕೊಂಡಿದ್ದಾರೆ. ಹರಿಶ್ಚಂದ್ರನ ಹೆಂಡತಿ ಚಂದ್ರಮತಿಗೆ ಮಾತ್ರ ಅಂಥ ಜಾಗ ಸಿಕ್ಕಿಲ್ಲ. ಪಠ್ಯಪುಸ್ತಕದಲ್ಲಿ ಅವಳ ಪಾಲಿಗೆ ಬಂದದ್ದು ಪ್ರಲಾಪ. ಸತ್ಯಕ್ಕಾಗಿ ಹರಿಶ್ಚಂದ್ರ ದೊಡ್ಡ ಬೆಲೆ ತೆತ್ತ ಎಂದು ಹರಿಕಥೆಯಿಂದ ಹಿಡಿದು ಶಾಲೆಯ ಭಾಷಣದವರೆಗೆ ಎಲ್ಲರೂ ಹೇಳುತ್ತೇವೆ. ಲೆಕ್ಕದ ಪುಸ್ತಕ ತೆರೆದು ನೋಡಿದರೆ ಆ ಬೆಲೆಯ ದೊಡ್ಡ ಪಾಲು ಹೆಂಡತಿ ಮತ್ತು ಮಗನ ಹೆಸರಿನಲ್ಲಿ ಬರೆದಿದೆ. ನೀತಿಯನ್ನು ಕುರಿತು ಪೂರ್ವ ಪಶ್ಚಿಮಗಳಲ್ಲಿ ಹುಟ್ಟಿದ ದೊಡ್ಡ ಪಂಥಗಳನ್ನೆಲ್ಲ ಈ ಒಂದು ಲೆಕ್ಕದೆದುರು ನಿಲ್ಲಿಸಿದರೆ ಯಾವುದು ಏನು ಹೇಳೀತು?

ಕಥೆಯನ್ನು ರಾಘವಾಂಕನಿಂದಲೇ ತೆಗೆದುಕೊಳ್ಳೋಣ. ಹಂಪೆಯ ಆ ಕವಿ ತನ್ನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಒಂದು ವಿಚಿತ್ರ ಸನ್ನಿವೇಶ ಇಟ್ಟಿದ್ದಾನೆ. ಅರಸನನ್ನು ಪರೀಕ್ಷಿಸಲು ವಿಶ್ವಾಮಿತ್ರ ಮುನಿ ಕಳಿಸಿದ ಇಬ್ಬರು ಅನಾಮಿಕ, ಅಂದರೆ ಅಸ್ಪೃಶ್ಯರೆನಿಸಿಕೊಂಡ ಕುಲದ, ಹೆಣ್ಣುಗಳು ಅವನ ಮುಂದೆ ಹಾಡುತ್ತಾರೆ. ಅವನು ಮೆಚ್ಚಿ ಉಡುಗೊರೆ ಕೊಡಹೋದರೆ ಅವರು ಬೇಡುವುದು ಅವನ ಮುತ್ತಿನ ಸತ್ತಿಗೆಯನ್ನು. ಅದು ವಂಶದ್ದು, ಕೊಡಲಾರೆ ಅನ್ನುತ್ತಾನೆ. ಹಾಗಾದರೆ ನಮ್ಮನ್ನು ಮದುವೆಯಾಗು ಅನ್ನುತ್ತಾರೆ. ಕುಲ ಅಡ್ಡ ಬರುತ್ತದೆ. ಆಗ ಆ ಹೆಣ್ಣುಗಳು ಹೂಡುವ ವಾದ ಕನ್ನಡ ಸಾಹಿತ್ಯದ ಅತ್ಯಂತ ಚೂಪಾದ ವಾದಗಳಲ್ಲಿ ಒಂದು: ನಮ್ಮ ಹಾಡು ಕೇಳಿದ ಕಿವಿಗೆ ಮೈಲಿಗೆಯಿಲ್ಲ, ರೂಪ ನೋಡಿದ ಕಣ್ಣಿಗಿಲ್ಲ, ಮಾತಾಡಿದ ನಾಲಿಗೆಗಿಲ್ಲ, ನಮ್ಮ ಮೇಲಿಂದ ಬೀಸಿದ ಗಾಳಿಯ ಕಂಪು ಹೀರಿದ ಮೂಗಿಗಿಲ್ಲ, ಮುಟ್ಟುವುದಕ್ಕೆ ಮಾತ್ರ ಎಲ್ಲಿಂದ ಬಂತು? ಅರಸನ ಬಳಿ ಇದಕ್ಕೆ ಉತ್ತರವಿಲ್ಲ. ಬದಲಿಗೆ ಅವರನ್ನು ಹೊಡೆಸಿ ಅಟ್ಟುತ್ತಾನೆ. ವಿಶ್ವಾಮಿತ್ರ ಬಂದು, ಇವರನ್ನು ಮದುವೆಯಾದರೆ ನಿನ್ನನ್ನು ಬಿಡುತ್ತೇನೆ ಅನ್ನುತ್ತಾನೆ. ಅದರ ಬದಲು ರಾಜ್ಯವನ್ನೇ ಬಿಡುತ್ತೇನೆ ಅನ್ನುತ್ತಾನೆ ಹರಿಶ್ಚಂದ್ರ.

ನಮ್ಮ ಹಳೆಯ ಧರ್ಮಶಾಸ್ತ್ರಕಾರರು ಎರಡು ಬಗೆಯ ಧರ್ಮ ಹೇಳುತ್ತಿದ್ದರು. ಸತ್ಯ, ಅಹಿಂಸೆ, ಕಳ್ಳತನ ಮಾಡದಿರುವುದು ಮನುಷ್ಯರಾದವರಿಗೆಲ್ಲ ಅನ್ವಯಿಸುವ ಸಾಧಾರಣ ಧರ್ಮ. ಇಂಥ ವರ್ಣದವನು ಇಂಥದ್ದು ಮಾಡಬೇಕು ಅನ್ನುವುದು ವಿಶೇಷ ಧರ್ಮ. ಎರಡೂ ಗುದ್ದಾಡಿದಾಗ ಯಾವುದು ಮೇಲು ಅನ್ನುವುದೇ ಮಹಾಭಾರತದ ಅರ್ಧ ತಲೆನೋವು. ರಾಘವಾಂಕನ ಅರಸ ವಿಶೇಷ ಧರ್ಮ ಉಳಿಸಿಕೊಳ್ಳಲು ರಾಜ್ಯ ಬಿಟ್ಟ. ಆಮೇಲೆ ಸಾಧಾರಣ ಧರ್ಮವಾದ ಸತ್ಯ ಉಳಿಸಿಕೊಳ್ಳಲು ಕಾಶಿಯಲ್ಲಿ ವೀರಬಾಹುಕನೆಂಬ ಚಂಡಾಲನ ಆಳಾದ. ಯಾರನ್ನು ಮುಟ್ಟಲಾರೆ ಎಂದು ಹೊರಟನೋ ಅವರ ಅನ್ನ ಉಂಡೇ ಸತ್ಯ ಉಳಿಸಿಕೊಂಡ. ಕವಿ ಇದನ್ನು ಬೇಕೆಂದೇ ಹೀಗೆ ಹೆಣೆದನೆಂದು ನನ್ನ ನಂಬಿಕೆ. ಅರಸನ ಮೊದಲ ನಿರಾಕರಣೆ ಇಂದಿನ ಕಣ್ಣಿಗೆ ತಪ್ಪಾಗಿ ಕಾಣುತ್ತದೆ. ಆ ಕಾಲದ ತಪ್ಪನ್ನು ಈ ಕಾಲದ ತಕ್ಕಡಿಯಲ್ಲಿ ತೂಗಬಾರದು ಅನ್ನುವವರಿದ್ದಾರೆ. ತಕ್ಕಡಿ ಈ ಕಾಲದ್ದಲ್ಲ. ಆ ಹೆಣ್ಣುಗಳ ಬಾಯಲ್ಲಿ ಇಟ್ಟು ರಾಘವಾಂಕನೇ ಅದನ್ನು ತೂಗಿ ತೋರಿಸಿದ್ದಾನೆ.

ಇನ್ನು ಸಾಲ. ವಿಶ್ವಾಮಿತ್ರನಿಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದ ಹಣಕ್ಕೆ ಗಡುವು ಮುಗಿಯುತ್ತ ಬಂದಾಗ ಕಾಶಿಯ ಬೀದಿಯಲ್ಲಿ ಹೆಂಡತಿಯನ್ನೂ ಮಗನನ್ನೂ ಒಬ್ಬ ಬ್ರಾಹ್ಮಣನಿಗೆ ಮಾರುತ್ತಾನೆ, ಅದೂ ಸಾಲದೆ ತನ್ನನ್ನೂ ಮಾರಿಕೊಳ್ಳುತ್ತಾನೆ.

ಕೊಟ್ಟ ಮಾತು ಕೊಟ್ಟದ್ದೇ, ಫಲ ಏನೇ ಆಗಲಿ ಅನ್ನುವ ನಿಲುವಿಗೆ ಪಶ್ಚಿಮದಲ್ಲಿ ದೊಡ್ಡ ವಕೀಲ ಇಮ್ಯಾನುಯೆಲ್ ಕಾಂಟ್. 1785ರಲ್ಲಿ ಅವನು ಹೇಳಿದ್ದು ಇಷ್ಟು: ನೀನು ಯಾವ ನಿಯಮದ ಮೇಲೆ ನಡೆಯುತ್ತೀಯೋ ಅದನ್ನು ಎಲ್ಲರೂ ಪಾಲಿಸಲಿ ಎಂದು ನಿಜವಾಗಿ ಬಯಸಬಲ್ಲೆಯಾ, ಕೇಳಿಕೋ. ಕಷ್ಟ ಬಂದಾಗ ಮಾತು ಮುರಿಯಬಹುದು ಅನ್ನುವುದು ಎಲ್ಲರ ನಿಯಮವಾದರೆ ಮಾತು ಕೊಡುವುದಕ್ಕೇ ಅರ್ಥ ಉಳಿಯುವುದಿಲ್ಲ. 1797ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳು ಹೇಳುವ ಹಕ್ಕು ನಿನಗಿಲ್ಲ ಅಂದ. ಹರಿಶ್ಚಂದ್ರ ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದ.

ವ್ಯಾಸರು ತಲೆದೂಗುತ್ತಿರಲಿಲ್ಲ. ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸತ್ಯವನ್ನೇ ಹೇಳುತ್ತೇನೆಂದು ವ್ರತ ತೊಟ್ಟ ತಪಸ್ವಿ ಕೌಶಿಕ. ಕಳ್ಳರಿಗೆ ಹೆದರಿ ಓಡಿಬಂದ ಕೆಲವರು ಅವನ ಆಶ್ರಮದ ಬಳಿಯ ಕಾಡಿನಲ್ಲಿ ಅಡಗಿಕೊಂಡರು. ಬೆನ್ನಟ್ಟಿ ಬಂದವರು ಕೇಳಿದಾಗ ಕೌಶಿಕ ಇದ್ದದ್ದನ್ನು ಇದ್ದ ಹಾಗೇ ಹೇಳಿದ. ಅಡಗಿದ್ದವರು ಸತ್ತರು, ಕೌಶಿಕ ನರಕಕ್ಕೆ ಹೋದ. ಕಾಂಟ್‌ನ ಬಾಗಿಲಿಗೆ ಬಂದ ಕೊಲೆಗಾರನೂ ಕೌಶಿಕನ ಆಶ್ರಮಕ್ಕೆ ಬಂದ ಕಳ್ಳರೂ ಕೇಳಿದ್ದು ಒಂದೇ ಪ್ರಶ್ನೆ. ಉತ್ತರ ಕೊಟ್ಟವನಿಗೆ ಒಬ್ಬ ಲೇಖಕ ಸ್ವರ್ಗ ಕೊಟ್ಟ, ಇನ್ನೊಬ್ಬ ನರಕ ಕೊಟ್ಟ. ಭಾರತದ್ದೆಲ್ಲ ಕರ್ತವ್ಯದ ನೀತಿ, ಪಶ್ಚಿಮದ್ದೆಲ್ಲ ಲಾಭನಷ್ಟದ ನೀತಿ ಎಂದು ವೇದಿಕೆಯಲ್ಲಿ ಗುಡುಗುವವರು ಈ ಕಥೆಯನ್ನೊಮ್ಮೆ ಓದಬೇಕು.

ಹಾಗೆಂದು ಕಾಂಟ್ ಪೂರ್ತಿ ಹರಿಶ್ಚಂದ್ರನ ಕಡೆಗಿದ್ದಾನೆಂದೂ ತಿಳಿಯಬಾರದು. ಅದೇ 1785ರ ಪುಸ್ತಕದಲ್ಲಿ ಇನ್ನೊಂದು ಸೂತ್ರವಿದೆ: ಯಾವ ಮನುಷ್ಯನನ್ನೂ ಬರೀ ಸಾಧನವಾಗಿ ಬಳಸಬೇಡ. ಹೆಂಡತಿ ಮಗನನ್ನು ಮಾರಿ ಸಾಲ ತೀರಿಸುವುದಕ್ಕೆ ಇದಕ್ಕಿಂತ ನೇರವಾದ ಆಕ್ಷೇಪ ಇನ್ನೇನು ಬೇಕು? ಮನುಷ್ಯ ತನ್ನನ್ನು ತಾನೇ ಸರಕಾಗಿ ಮಾರಿಕೊಳ್ಳುವುದನ್ನೂ ಕಾಂಟ್ ಒಪ್ಪುವುದಿಲ್ಲ. ಒಂದು ಸೂತ್ರ ಅರಸನನ್ನು ಎತ್ತಿ ಹಿಡಿಯುತ್ತದೆ, ಇನ್ನೊಂದು ಅದೇ ಅರಸನನ್ನು ಕಟಕಟೆಗೆ ಹತ್ತಿಸುತ್ತದೆ. ಎರಡೂ ಒಂದೇ ನಿಯಮದ ಎರಡು ರೂಪ ಎಂದು ಕಾಂಟ್ ಹೇಳಿಕೊಂಡಿದ್ದ. ಕಾಶಿಯ ಬೀದಿಯಲ್ಲಿ ಅದನ್ನು ನಂಬುವುದು ಕಷ್ಟ.

ಚಂದ್ರಮತಿಯೇ ಒಪ್ಪಿದಳಲ್ಲ ಅನ್ನುವ ಸಮಾಧಾನವೂ ಇದೆ. ಮಾರ್ಕಂಡೇಯ ಪುರಾಣದಲ್ಲಿ ಈಕೆಯ ಹೆಸರು ಶೈವ್ಯೆ. ನನ್ನನ್ನು ಮಾರಿ ಋಣ ತೀರಿಸು ಎಂದು ಅಲ್ಲಿ ಮೊದಲು ಬಾಯಿ ತೆಗೆಯುವವಳು ಅವಳೇ. ಆದರೆ ಒಪ್ಪಿಗೆ ಕೊಡಲು ಬಾಯಿ ಮಾತ್ರ ಸಾಲದು, ಒಲ್ಲೆ ಅನ್ನಲೂ ದಾರಿ ಇರಬೇಕು. ಮಗ ಲೋಹಿತಾಶ್ವನನ್ನಂತೂ ಯಾರೂ ಕೇಳಿದಂತಿಲ್ಲ. ಹಸ್ತಿನಾವತಿಯ ಸಭೆಯಲ್ಲಿ ದ್ರೌಪದಿ ಒಂದು ಪ್ರಶ್ನೆ ಎಸೆದಿದ್ದಳು: ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಕಳೆದುಕೊಂಡವನಿಗೆ ನನ್ನನ್ನು ಒಡ್ಡುವ ಹಕ್ಕೆಲ್ಲಿ? ಭೀಷ್ಮನಿಗೂ ಉತ್ತರ ತೋಚಲಿಲ್ಲ. ಚಂದ್ರಮತಿ ಅಂಥ ಪ್ರಶ್ನೆ ಎತ್ತಲೇ ಇಲ್ಲ. ಎತ್ತಿದ್ದರೆ ಕಾವ್ಯ ಅಲ್ಲಿಗೇ ನಿಂತುಬಿಡುತ್ತಿತ್ತೋ ಏನೋ.

ಫಲವನ್ನು ನೋಡಿ ನೀತಿ ತೀರ್ಮಾನಿಸುವವರ ಗುರು ಜೆರೆಮಿ ಬೆಂಥಮ್. 1789ರಲ್ಲಿ ಪ್ರಕಟವಾದ ಅವನ ಗ್ರಂಥದ ತಿರುಳೆಂದರೆ, ಯಾವ ಕೆಲಸದಿಂದ ಒಟ್ಟು ಸುಖ ಹೆಚ್ಚಿ ನೋವು ಕಡಿಮೆಯಾಗುತ್ತದೋ ಅದು ಸರಿ. ಲೆಕ್ಕದಲ್ಲಿ ಅರಸನಿಗೂ ಆಳಿಗೂ ಒಂದೊಂದೇ ತಲೆ. ಬೆಂಥಮ್ ಹರಿಶ್ಚಂದ್ರನ ಎದುರಿಗೆ ಸಿಕ್ಕಿದ್ದರೆ ಮೊದಲು ಕೇಳುತ್ತಿದ್ದದ್ದು ಅಯೋಧ್ಯೆಯ ಪ್ರಜೆಗಳ ಗತಿಯನ್ನು. ಒಳ್ಳೆಯ ಅರಸನನ್ನು ಕಳೆದುಕೊಂಡ ಲಕ್ಷಾಂತರ ಜನ ಒಂದು ಕಡೆ, ಒಬ್ಬ ಮುನಿಯ ಹಟ ಇನ್ನೊಂದು ಕಡೆ. ಅವನಿಗೆ ಇದು ಲೆಕ್ಕವೇ ಅಲ್ಲ.

ಈ ಬೆಂಥಮ್ ತನ್ನ ಹೆಣದ ಉಪಯೋಗವನ್ನೂ ಲೆಕ್ಕ ಹಾಕಿಟ್ಟವನು. 1832ರಲ್ಲಿ ಸತ್ತಾಗ ಅವನ ಉಯಿಲಿನಂತೆ ದೇಹವನ್ನು ಎಲ್ಲರೆದುರು ಕೊಯ್ದು ವೈದ್ಯರಿಗೆ ಪಾಠ ಮಾಡಿದರು. ಅಸ್ಥಿಪಂಜರಕ್ಕೆ ಅವನದೇ ಬಟ್ಟೆ ತೊಡಿಸಿ, ಮೇಣದ ತಲೆ ಇಟ್ಟು ಕೂರಿಸಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇವತ್ತಿಗೂ ಇದೆ. ಹರಿಶ್ಚಂದ್ರ ಘಾಟ್‌ನಲ್ಲಿ ನಿಂತು ಇದನ್ನು ನೆನೆದರೆ ನಗು ಬರುತ್ತದೆ. ನಗುವ ವಿಷಯವೇನೂ ಅಲ್ಲ, ಅಲ್ಲಿ ಬೆಂಥಮ್‌ನ ಲೆಕ್ಕ ದಿನವೂ ನಡೆಯುತ್ತಿದೆ. ಒಂದು ಹೆಣ ಸುಡಲು ಮೂರು ಕ್ವಿಂಟಾಲ್ ಹತ್ತಿರ ಕಟ್ಟಿಗೆ ಬೇಕು. ದೋಣಿಗಳಲ್ಲಿ ಬಂದ ಕಟ್ಟಿಗೆ ದಡದಲ್ಲಿ ಒಟ್ಟಿರುತ್ತದೆ, ತಕ್ಕಡಿಯಲ್ಲಿ ತೂಗಿ ಮಾರುತ್ತಾರೆ. ಕಟ್ಟಿಗೆಗೆ ದುಡ್ಡು ಸಾಲದ ಬಡವರ ಹೆಣ ಅರೆಬೆಂದು ನದಿಗೆ ಬೀಳುತ್ತಿತ್ತು. 1986ರಲ್ಲಿ ಗಂಗಾ ಕ್ರಿಯಾ ಯೋಜನೆ ಶುರುವಾದ ಮೇಲೆ ಹರಿಶ್ಚಂದ್ರ ಘಾಟ್‌ಗೆ ವಿದ್ಯುತ್ ಚಿತಾಗಾರ ಬಂತು. ಮರ ಉಳಿಯುತ್ತದೆ, ನದಿ ಉಳಿಯುತ್ತದೆ, ಬಡವರ ಖರ್ಚು ಉಳಿಯುತ್ತದೆ. ಬೆಂಥಮ್‌ನ ಪುಸ್ತಕದ ಪ್ರಕಾರ ಇಲ್ಲಿಗೆ ಚರ್ಚೆ ಮುಗಿಯಬೇಕು.

ಮುಗಿದಿಲ್ಲ. ತಲೆ ಬೋಳಿಸಿಕೊಂಡು ಬಿಳಿ ಪಂಚೆಯುಟ್ಟ ಮಗ ಚಿತೆಯನ್ನು ಸುತ್ತಬೇಕು, ಡೋಮ್ ಸಮುದಾಯದವರ ಬಳಿಯಿಂದ ಬೆಂಕಿ ತರಬೇಕು, ಕೊನೆಗೆ ತಲೆಬುರುಡೆ ಒಡೆಯುವ ಕಪಾಲಕ್ರಿಯೆ ಮಾಡಬೇಕು. ಗುಂಡಿ ಒತ್ತಿದರೆ ಇವ್ಯಾವುವೂ ಇಲ್ಲ. ಶಕ್ತಿಯಿದ್ದವರು ಇವತ್ತಿಗೂ ಕಟ್ಟಿಗೆಯನ್ನೇ ಕೇಳುತ್ತಾರೆ. ತಂದೆಗೆ ಮಗ ಸಲ್ಲಿಸಬೇಕಾದದ್ದು ಅವನು ಸತ್ತ ಮೇಲೂ ಉಳಿಯುತ್ತದೆಯೇ? ಸತ್ತವನಿಗೆ ಸುಖವೂ ಇಲ್ಲ, ನೋವೂ ಇಲ್ಲ, ಆದ್ದರಿಂದ ಲೆಕ್ಕದಲ್ಲಿ ಅವನಿಲ್ಲ ಎಂದು ಬಿಟ್ಟರೆ ಮಗನಿಗೆ ಒಪ್ಪಿಗೆಯಾಗದು. ಹಾಗೆಯೇ ಆ ಬೆಂಕಿಯನ್ನೇ ನಂಬಿ ಬದುಕುವ ಡೋಮ್ ಕುಟುಂಬಗಳು. ಎಲ್ಲ ಜಾತಿಯವರ ಮುಕ್ತಿಗೂ ಅವರ ಕೈಯ ಬೆಂಕಿ ಬೇಕು, ಅವರ ಕೈಯ ನೀರು ಮಾತ್ರ ಬೇಡ ಅನ್ನುವ ವ್ಯವಸ್ಥೆ ತಲೆಮಾರುಗಟ್ಟಲೆ ನಡೆಯಿತು. ಕಾಶಿಯ ಇನ್ನೊಂದು ಸುಡುಗಾಡಾದ ಮಣಿಕರ್ಣಿಕೆಯ ಡೋಮ್ ರಾಜ ಜಗದೀಶ್ ಚೌಧರಿ 2020ರಲ್ಲಿ ತೀರಿಕೊಂಡ ಮೇಲೆ ಅವರಿಗೆ ಪದ್ಮಶ್ರೀ ಸಂದಿತು. ರಾಘವಾಂಕನ ಆ ಇಬ್ಬರು ಹೆಣ್ಣುಗಳು ಮುಟ್ಟುವುದರ ಬಗ್ಗೆ ಕೇಳಿದ ಪ್ರಶ್ನೆ ಈ ಘಾಟ್‌ನಲ್ಲಿ ಇನ್ನೂ ಹಳತಾಗಿಲ್ಲ.

ಕಾಶಿಗೆ ತನ್ನದೇ ಆದ ಇನ್ನೊಂದು ಇಕ್ಕಟ್ಟಿದೆ. ಇಲ್ಲಿ ಸತ್ತವರಿಗೆ ಶಿವನೇ ಕಿವಿಯಲ್ಲಿ ತಾರಕ ಮಂತ್ರ ಹೇಳುತ್ತಾನೆ, ಮೋಕ್ಷ ಖಚಿತ. ಜೀವಮಾನವಿಡೀ ಊರಿನ ಗಂಟಲು ಕೊಯ್ದು ಕೊನೆಗೆ ರೈಲು ಹತ್ತಿ ಬಂದು ಇಲ್ಲಿ ಪ್ರಾಣ ಬಿಟ್ಟವನಿಗೂ ಅದೇ ಮೋಕ್ಷವಾದರೆ ಒಳ್ಳೆಯವನಾಗಿ ಬಾಳಿದವನ ಗತಿಯೇನು? ಶಾಸ್ತ್ರಿಗಳು ಇದನ್ನು ಗಮನಿಸದೇ ಬಿಟ್ಟವರಲ್ಲ. ಭೈರವೀ ಯಾತನೆ ಎಂಬ ಉಪಾಯ ಹುಡುಕಿದರು: ಜನ್ಮಜನ್ಮಾಂತರದಲ್ಲಿ ಉಣ್ಣಬೇಕಾದ ಪಾಪದ ಫಲವನ್ನೆಲ್ಲ ಸಾಯುವ ಹೊತ್ತಿನ ಒಂದು ಕ್ಷಣದೊಳಗೆ ಕಾಲಭೈರವ ಹಿಂಡಿ ಉಣ್ಣಿಸುತ್ತಾನಂತೆ, ಮೋಕ್ಷ ಆಮೇಲೆ. ಬೇರೆಡೆ ಮಾಡಿದ ಪಾಪ ಕಾಶಿಯಲ್ಲಿ ಕಳೆದೀತು, ಕಾಶಿಯಲ್ಲೇ ಮಾಡಿದ್ದು ವಜ್ರಲೇಪವಾಗಿ ಅಂಟುತ್ತದೆ ಎಂಬ ಎಚ್ಚರಿಕೆ ಬೇರೆ. ಕಬೀರನಿಗೆ ಈ ಯಾವ ತೇಪೆಯೂ ಬೇಡವಾಯಿತು. ಬದುಕೆಲ್ಲ ಕಾಶಿಯಲ್ಲಿ ನೇಯ್ದವನು ಸಾಯಲು ಮಗಹರ್‌ಗೆ ಹೋದ ಅನ್ನುತ್ತಾರೆ. ಅಲ್ಲಿ ಸತ್ತರೆ ಕತ್ತೆಯಾಗಿ ಹುಟ್ಟುತ್ತಾರೆಂಬುದು ಜನರ ನಂಬಿಕೆ. ಊರಿನ ಹೆಸರಿನಲ್ಲಿ ಸಿಗುವ ಮೋಕ್ಷ ತನ್ನ ನಡತೆಗೆ ಸಂದದ್ದಲ್ಲ ಎಂದು ತೋರಿಸಲು ಇದಕ್ಕಿಂತ ಗಟ್ಟಿಯಾದ ವಾದ ಯಾವ ಪುಸ್ತಕದಲ್ಲೂ ನಾನು ಕಂಡಿಲ್ಲ.

ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಬಿಟ್ಟು ಬರಬೇಕೆಂಬ ಪದ್ಧತಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬಿಡುವುದು ಏನನ್ನು ಅನ್ನುವುದರಲ್ಲಿ ಮನುಷ್ಯನ ಬುದ್ಧಿಯೆಲ್ಲ ಕಾಣುತ್ತದೆ. “ಅಜ್ಜಿ, ಕಾಶೀಲಿ ಏನು ಬಿಟ್ರಿ?” ಅಂದರೆ, “ಹಾಗಲಕಾಯಿ ಕಣೋ. ಮೊದ್ಲೂ ನಂಗೆ ಸೇರ್ತಿರ್ಲಿಲ್ಲ.” ವ್ರತ ಮುಗಿಯಿತು, ನಾಲಿಗೆಗೆ ನಷ್ಟವಿಲ್ಲ. ನಿಯಮವನ್ನು ಅಕ್ಷರಕ್ಕೆ ತಕ್ಕಂತೆ ಪಾಲಿಸಿದರೂ ಅಲ್ಲೇನೋ ತಪ್ಪಿದೆ ಎಂದು ನಮಗೆ ಅನ್ನಿಸುತ್ತದಲ್ಲ, ಆ ಅನ್ನಿಸಿಕೆಗೆ ತಾತ್ವಿಕ ರೂಪ ಕೊಟ್ಟವನು ಬುದ್ಧ. ಕಾಶಿಯ ಪಕ್ಕದ ಸಾರನಾಥದಲ್ಲಿ ಐವರು ತಪಸ್ವಿಗಳ ಮುಂದೆ ಮೊದಲ ಉಪದೇಶ ಮಾಡಿದವನು, ಕರ್ಮವೆಂದರೆ ಮೂಲದಲ್ಲಿ ಚೇತನೆ, ಮಾಡುವವನ ಸಂಕಲ್ಪ ಎಂದು ಕಲಿಸಿದ. ಕಾಂಟ್ ಕೂಡ ಒಳ್ಳೆಯ ಸಂಕಲ್ಪದಿಂದಲೇ ಶುರು ಮಾಡುತ್ತಾನೆ. ಇಬ್ಬರೂ ಅಜ್ಜಿಯ ಹಾಗಲಕಾಯಿಯನ್ನು ಒಪ್ಪುತ್ತಿರಲಿಲ್ಲ.

ಹೀಗೆ ಪೂರ್ವ ಪಶ್ಚಿಮಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಕಾಶಿಗೂ ಮೈಸೂರಿಗೂ ಹೊಸದಲ್ಲ. ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಅದು ಹುಟ್ಟಿದ 1916ರ ಎರಡು ವರ್ಷಗಳ ನಂತರ ಮೈಸೂರಿಗೆ ಪಾಠ ಹೇಳಲು ಬಂದ ರಾಧಾಕೃಷ್ಣನ್, 1939ರಲ್ಲಿ ಕಾಶಿಯಲ್ಲಿ ಕುಲಪತಿಯಾದರು. ಮೈಸೂರಿನಲ್ಲೇ ಇದ್ದ ಎಂ. ಹಿರಿಯಣ್ಣನವರು ಪುರುಷಾರ್ಥಗಳನ್ನು ಮೌಲ್ಯಗಳೆಂಬ ಹೊಸ ಪರಿಭಾಷೆಯಲ್ಲಿ ಬಿಡಿಸಿಟ್ಟರು. ಆ ತಲೆಮಾರಿಗೆ ಪೂರ್ವ ಪಶ್ಚಿಮಗಳ ನೀತಿಶಾಸ್ತ್ರವನ್ನು ಎದುರುಬದುರು ಕೂರಿಸುವುದು ದಿನದ ಕೆಲಸವಾಗಿತ್ತು. ಇವತ್ತು ಅದು ಪರೀಕ್ಷೆಯ ಐದು ಅಂಕದ ಪ್ರಶ್ನೆ.

ಸುಡುಗಾಡಿಗೆ ಮರಳೋಣ. ದರ್ಭೆ ತರಲು ಹೋದ ಲೋಹಿತಾಶ್ವ ಹಾವು ಕಚ್ಚಿ ಸತ್ತಿದ್ದಾನೆ. ಹೊತ್ತು ತಂದ ತಾಯಿಯನ್ನು ಕಾವಲುಗಾರ ತಡೆಯುತ್ತಾನೆ: ತೆರಿಗೆ ಕೊಡದೆ ಸುಡಕೂಡದು. ಇಲ್ಲ ಅಂದರೆ ಕೊರಳ ತಾಳಿ ಕೊಡು ಅನ್ನುತ್ತಾನೆ. ಗಂಡನ ಹೊರತು ಯಾರಿಗೂ ಕಾಣದ ತಾಳಿ ಅದು. ಗುರುತಾಗುತ್ತದೆ, ಹೆಣದ ಮೇಲೆ ಬಿದ್ದು ಅಳುತ್ತಾರೆ. ಅಷ್ಟಾದ ಮೇಲೂ ಒಡೆಯನಿಗೆ ಸಲ್ಲಬೇಕಾದ ತೆರಿಗೆಯನ್ನು ಅರಸ ಬಿಡುವುದಿಲ್ಲ, ಹೋಗಿ ತಾ ಅನ್ನುತ್ತಾನೆ.

ಬ್ರಿಟನ್ನಿನ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ ಕಾಂಟ್ ಮತ್ತು ಬೆಂಥಮ್ ಇಬ್ಬರ ಮೇಲೂ ತೆಗೆದ ತಕರಾರು ಇಲ್ಲಿ ಕಚ್ಚಿಕೊಳ್ಳುತ್ತದೆ. ಮುಳುಗುತ್ತಿರುವ ಇಬ್ಬರಲ್ಲಿ ಒಬ್ಬಳು ಹೆಂಡತಿ. ಅವಳನ್ನು ಎತ್ತುವ ಮುನ್ನ ‘ಇಂಥ ಸಂದರ್ಭದಲ್ಲಿ ಹೆಂಡತಿಯನ್ನು ಉಳಿಸಲು ನೀತಿ ಒಪ್ಪುತ್ತದೆಯೇ’ ಎಂದು ಗಂಡ ಯೋಚಿಸಿದರೆ, ಅದು ಬೇಡದಿದ್ದ ಒಂದು ಯೋಚನೆ ಅಂದ ವಿಲಿಯಮ್ಸ್. ಹರಿಶ್ಚಂದ್ರನ ತಲೆಯಲ್ಲಿ ಅಂಥ ಯೋಚನೆಗಳು ಒಂದಲ್ಲ. 1982ರಲ್ಲಿ ಅಮೆರಿಕದ ಮನೋವಿಜ್ಞಾನಿ ಕ್ಯಾರಲ್ ಗಿಲಿಗನ್ ಇನ್ನೊಂದು ಬದಿಯಿಂದ ಇದನ್ನೇ ಎತ್ತಿದರು: ನೀತಿಯ ಬೆಳವಣಿಗೆಯನ್ನು ನಿಯಮದಿಂದಲೇ ಅಳೆಯುತ್ತ ಬಂದವರು, ಯಾರಿಗೆ ನೋವಾಗುತ್ತದೆ, ಯಾರನ್ನು ನೋಡಿಕೊಳ್ಳಬೇಕು ಎಂದು ಯೋಚಿಸುವ ದನಿಯನ್ನು ಕಡಿಮೆ ದರ್ಜೆಯದೆಂದು ತಳ್ಳಿಹಾಕಿದ್ದಾರೆ. ಚಂದ್ರಮತಿಯ ಪ್ರಲಾಪವನ್ನು ಆ ಕಿವಿಯಿಂದ ಕೇಳಿಸಿಕೊಂಡರೆ ಅದು ಬರೀ ಅಳು ಅನ್ನಿಸುವುದಿಲ್ಲ. ಸುಡುಗಾಡಿನಲ್ಲಿ ಆ ಹುಡುಗನ ಬಗ್ಗೆ ಮಾತಾಡುತ್ತಿರುವವಳು ಅವಳೊಬ್ಬಳೇ.

ಕೊನೆಗೆ ಕೊಲೆಯ ಸುಳ್ಳು ಆಪಾದನೆ ಹೊತ್ತ ಅವಳ ಕೊರಳಿಗೆ ಅರಸ ಕತ್ತಿ ಎತ್ತುತ್ತಾನೆ, ವಿಶ್ವನಾಥ ಪ್ರತ್ಯಕ್ಷನಾಗುತ್ತಾನೆ, ಮಗ ಏಳುತ್ತಾನೆ. ದೇವರು ಬಂದು ನಷ್ಟವನ್ನೆಲ್ಲ ತುಂಬಿಕೊಟ್ಟಾಗ ಪರೀಕ್ಷೆ ಬರೆದವನಿಗೆ ಪಾಸು ಸಿಗುತ್ತದೆ. ಪ್ರಶ್ನೆಪತ್ರಿಕೆ ಸರಿಯಿತ್ತೇ ಎಂದು ಕೇಳುವವರು ಉಳಿಯುವುದಿಲ್ಲ.

ಇದೇ ಊರಿನಲ್ಲಿ ಇನ್ನೊಬ್ಬನಿದ್ದ, ಅವನ ಕಥೆ ಶಾಂತಿಪರ್ವದಲ್ಲಿದೆ. ಜಾಜಲಿ ಎಂಬ ತಪಸ್ವಿ ಕದಲದೆ ನಿಂತು ತಪಸ್ಸು ಮಾಡಿದಾಗ ಅವನ ಜಟೆಯಲ್ಲಿ ಹಕ್ಕಿಗಳು ಗೂಡು ಕಟ್ಟಿದವು. ಮೊಟ್ಟೆ ಒಡೆದು ಮರಿ ಹಾರಿಹೋಗುವವರೆಗೂ ಅವನು ಅಲುಗಲಿಲ್ಲ. ಧರ್ಮ ನನಗೆ ಸಿಕ್ಕಿತು ಎಂದು ಬೀಗಿದಾಗ ಒಂದು ವಾಣಿ ಕೇಳಿಸಿತು: ವಾರಾಣಸಿಯ ತುಲಾಧಾರನಿಗೆ ನೀನು ಸಮನಲ್ಲ. ಹೋಗಿ ನೋಡಿದರೆ ತುಲಾಧಾರ ಗಂಧ, ಬೇರು, ತೊಗಟೆ, ರಸಗಳನ್ನು ಮಾರುವ ಅಂಗಡಿಯವನು. ಹೆಂಡ ಮಾತ್ರ ಇಡುವುದಿಲ್ಲ. ತನ್ನ ತಕ್ಕಡಿ ಎಲ್ಲರಿಗೂ ಒಂದೇ, ಯಾರ ಮೇಲೂ ದ್ವೇಷವಿಲ್ಲ, ಯಾರಿಗೂ ನೋವಾಗದಂತೆ, ಆಗಲೇಬೇಕಾದರೆ ಆದಷ್ಟು ಕಡಿಮೆಯಾಗುವಂತೆ ಬದುಕುತ್ತೇನೆ ಅನ್ನುತ್ತಾನೆ. ಅರಿಸ್ಟಾಟಲ್‌ನ ನೆನಪಾಗುತ್ತದೆ. ಒಳ್ಳೆಯತನ ಒಂದು ದಿನದ ಸಾಹಸದಲ್ಲಿಲ್ಲ, ಮಾಡಿ ಮಾಡಿ ಮೈಗೂಡಿದ ರೂಢಿಯಲ್ಲಿದೆ ಎಂದವನು ಅವನು. ಯುರೋಪು ಅವನನ್ನು ಬದಿಗಿಟ್ಟು ಕಾಂಟ್, ಬೆಂಥಮ್ ಎಂದು ಗುದ್ದಾಡುತ್ತಿದ್ದಾಗ, ಎಲಿಜಬೆತ್ ಆನ್ಸ್‌ಕಂಬ್ 1958ರಲ್ಲಿ ಒಂದು ಪ್ರಬಂಧ ಬರೆದು ಮತ್ತೆ ಆ ಕಡೆ ತಿರುಗಿಸಿದರು.

ತುಲಾಧಾರ ಅರಿಸ್ಟಾಟಲ್‌ಗಿಂತ ಒಂದು ವಿಷಯದಲ್ಲಿ ಮುಂದಿದ್ದಾನೆ. ಗುಲಾಮಗಿರಿಯನ್ನು ಅರಿಸ್ಟಾಟಲ್ ಸಮರ್ಥಿಸಿಕೊಂ‍ಡ. ತುಲಾಧಾರ ಮಾತ್ರ ಎತ್ತುಗಳ ಬೀಜ ಒಡೆದು ಮೂಗು ಚುಚ್ಚುವುದನ್ನು ಹೆಸರಿಸಿ ಖಂಡಿಸುತ್ತಾನೆ. ಮನುಷ್ಯರು ಮನುಷ್ಯರನ್ನೇ ದಾಸರನ್ನಾಗಿ ಇಟ್ಟುಕೊಂಡು ಹಗಲಿರುಳು ದುಡಿಸುವುದನ್ನೂ ಅದೇ ಉಸಿರಿನಲ್ಲಿ ಖಂಡಿಸುತ್ತಾನೆ. ಯಾವ ಊರಿನ ಬೀದಿಯಲ್ಲಿ ಚಂದ್ರಮತಿ ಮಾರಾಟಕ್ಕೆ ನಿಂತಳೋ ಆ ಊರಿನ ವ್ಯಾಪಾರಿ ಆಡಿದ ಮಾತಿದು. ಅವನ ಹೆಸರಿನಲ್ಲಿ ಕಾಶಿಯಲ್ಲಿ ಘಾಟ್ ಇಲ್ಲ, ನಮ್ಮಲ್ಲಿ ಸಿನಿಮಾ ಇಲ್ಲ.

ಜಾಜಲಿಯೂ ಸುಮ್ಮನೆ ತಲೆಬಾಗಲಿಲ್ಲ. ನೇಗಿಲಿಲ್ಲದೆ ಬೆಳೆಯಿಲ್ಲ, ಆ ಅನ್ನವನ್ನೇ ಉಂಡು ನೀನೂ ಬದುಕಿದ್ದೀಯ, ನಾಸ್ತಿಕನಂತೆ ಮಾತಾಡುತ್ತೀಯ ಎಂದು ತಿರುಗಿ ಕೇಳಿದ. ನಾನು ನಾಸ್ತಿಕನಲ್ಲ ಎಂದು ಹೇಳಿದ ತುಲಾಧಾರ ಯಜ್ಞದ ವಿಷಯಕ್ಕೆ ಹೊರಳುತ್ತಾನೆ. ನೇಗಿಲು ಎಳೆಯುವ ಎತ್ತಿನ ಬಗ್ಗೆ ಅವನಿಂದಲೂ ನೇರವಾದ ಉತ್ತರ ಬರುವುದಿಲ್ಲ.